ಉಸುಕು

ದುಧನಿ ಸ್ಟೇಶನ್ ರಸ್ತಾ. ಆಡತಿ ಅಂಗಡಿ ಇನ್ನೂ ಬಾಗಿಲಾ ತೆರದಿಲ್ಲ.
ಫುಲಾರಿ ಸಾಹೇಬ ಬಂದು ಸುಣ್ಣದ ಗೆರಿ ಹೊಡದು ಹೋದ:
ಇಲ್ಲಿ ನೀರು, ಇಲ್ಲಿ ಫೋನು,
ಇಲ್ಲಿ (ಕಾಗದ ತಿರುವಿ ಮುರುವಿ ನೋಡಿ) ಇಲ್ಲೆಲ್ಲೋ ಕರೆಂಟು.

'ಇಲ್ಲೆಲ್ಲೋ' ಅಂದ್ರ ಎಷ್ಟು ಮೊಳ, ನಾ ಕೇಳಲಿಲ್ಲ.
ನಕಾಶಿ ಬರದವರಿಗೆ ಎರಿಮಣ್ಣಿನ ಗುಣ ಗೊತ್ತಿಲ್ಲ.
ಬ್ಯಾಸಿಗ್ಯಾಗ ಬಾಯಿ ಬಿಡತದ, ಮಳಿಗಾಲಕ್ಕ ಉಬ್ಬತದ,
ಹೊಟ್ಟ್ಯಾಗ ಇದ್ದದ್ದನ್ನ ಗೇಣು ಆಕಡಿ, ಗೇಣು ಈಕಡಿ ಸರಸತದ,
ತುಂಬಿದ ಬಸುರಿ ಮಗ್ಗಲಾ ಬದಲಿಸಿದಂಗ.

ಮೌಲಾಲಿ ಜೇಸಿಬಿ ಮ್ಯಾಲ ಕುಂತು ಇಂಜಿನ್ನು ಗುರ್ ಅನಿಸಿದ.
"ಸರೀ ಮಹಾನಂದಕ್ಕ, ಹತ್ತು ಮಿನಿಟಿನ ಕೆಲಸ."
ನಾ ಹೋಗಿ ಗೆರಿ ಮ್ಯಾಲ ಕುಂತೆ.
ಕುಂತೇ ಬಿಟ್ಟೆ.
ಇಂಜಿನ್ನು ಬಂದಾತು.

ಹಾರಿ ಬ್ಯಾಡ, ಪಿಕಾಸಿ ಬ್ಯಾಡ.
ಸಲಿಕಿ ತಗೋ, ಅಂಚು ಸವದದ್ದು.
ಚುಚ್ಚಬ್ಯಾಡ, ಕೆರಿ.
ಹಂಚಿನ ಮ್ಯಾಲಿನ ರೊಟ್ಟಿ ಹರೀಲಾರದಂಗ ಎಬ್ಬಸ್ತೀವಲ್ಲ, ಹಂಗ.

ಮೊದಲ ಫೂಟು: ಡಾಂಬರು, ಕಂಕರು, ಗುಟಕಾ ಚೀಟಿ.
ಅದರ ಬುಡಕ ತೊಗರಿ ಹೊಟ್ಟು ಕೊಳತು ಕರ್ರಗಾಗಿದ್ದು,
ಒಂದು ಹಸರು ಬಳಿಚೂರು.
ಆಮ್ಯಾಲ ಹಳದಿ ಪಟ್ಟಿಯ ಹರಕು, ಅದರ ಮ್ಯಾಲ ಮರಾಠಿ ಅಕ್ಷರ.
ಮೌಲಾಲಿ ಕೂಡಿಸಿ ಓದಿದ: "ಸಾ-ವ-ಧಾ-ನ."
"ಅಕ್ಕ, ಇಲ್ಲಿ ಯಾರದೋ ಲಗ್ನ ಆಗ್ಯದ!" ಅಂತ
ಒಂದು ಹಿಡಿ ಮಣ್ಣು ಅಕ್ಷತಿ ಹಂಗ ತೂರಿದ.
ನಾನೂ ನಕ್ಕೆ.

ಪಟ್ಟಿ ಬುಡಕ ಇಟ್ಟಂಗಿ ಇರಬೇಕು, ಇದ್ದಿಲ್ಲ.
ಮೊದಲು ಅಗದವರು ಒಲಿ ಹೂಡಾಕ ಒಯ್ದಿರಬೇಕು.
ಮತ್ತ ಕೆರದೆ.
ಎರಿ ಕೊಯ್ಯುವಾಗ ಸಪ್ಪಳ ಇರಂಗಿಲ್ಲ, ಬೆಲ್ಲ ಕೊಯ್ದಂಗ.
ಒಮ್ಮೆಲೆ ಸಲಿಕಿ ಸರ್ ಅಂತು.

ಉಸುಕು.

ಬೋರಿ ಹೊಳಿದು, ನಡುನಡುವ ಸಣ್ಣ ಸಿಂಪಿ.
ಉಸುಕು ತಾನಾಗೇ ನಡಕೋತ ಇಲ್ಲೀತನ ಬರಂಗಿಲ್ಲ.
ಯಾರೋ ಬುಟ್ಟಿ ಹೊತ್ತಾರ, ಯಾರೋ ಅಂಗೈಲೆ ಹರವ್ಯಾರ.
'ನಿಲ್ಲು' ಅಂತ ಬರದು ಇಟ್ಟಾರ
ಓದು ಬರಲಾರದವರು, ಓದು ಬರಲಾರದವರಿಗೆ.
ನಿಂತೆ.

ನಮ್ಮಣ್ಣ ಗೇನಪ್ಪನೂ ಉಸುಕಿನ ದಾರಿ ಕಾಯ್ದಿದ್ದ,
ಮೈಂದರ್ಗಿ ನಾಕಾದ ಹಂತೇಲಿ, ಆರು ವರ್ಷದ ಹಿಂದ.
ಒಂದು ಫೂಟು ಎರಿ. ಎರಡು ಫೂಟು ಎರಿ. ಮೂರಕ್ಕೂ ಎರಿ.
ಏನೂ ಇಲ್ಲ ಇಲ್ಲಿ ಅಂತ ತಿಳದು ಹಾರಿ ಎತ್ತಿದ.

ಅಲ್ಲಿ ಹಾಕಬೇಕಾದ ಉಸುಕು
ಗುತ್ತೇದಾರನ ಮಾಳಿಗಿ ಏರಿತ್ತು ಅಂತಾರ.
ನಾ ಕಣ್ಣಿಲೆ ಕಂಡಿಲ್ಲ. ಮನಿ ಕಂಡೀನಿ.
ಗಿಲಾವು ಛಲೋ ಕುಂತದ, ಒಂದು ಬಿರುಕಿಲ್ಲ.

ಗೇನಣ್ಣನ ಬಲಗೈ ಈಗ ಮುಷ್ಟಿ ಆಗಂಗಿಲ್ಲ.
ಲಗ್ನಕ್ಕ ಹೋದ್ರ, ಐನೋರು "ಸಾವಧಾನ" ಅನ್ನೂದರಾಗ
ಅಕ್ಕಿಕಾಳು ಬೆರಳ ಸಂದ್ಯಾಗಿಂದ ಉದುರಿ ಮುಗದಿರತಾವ.
ಬರೇ ಕೈ ಎತ್ತತಾನ.
ಮೌಲಾಲಿಗೆ ಇದನ್ನ ಹೇಳಲಿಲ್ಲ. ನಗೂ ಹುಡುಗ, ನಗಲಿ.

ಸಂಜಿಕ ನಮ್ಮ ಪೈಪು ಕೆಳಗ ಮಲಗಿತು,
ಹಳೇ ಕೇಬಲ್ಲಿಗೆ ಒಂದು ಮೊಳ ದೂರ ಬಿಟ್ಟು.
ನಾವು ಕೆದರಿದ ಕಡೆ ಅದರ ಹಾಸಿಗಿ ಅರ್ಧ ಖಾಲಿ.
ಸಾಹೇಬ ಫೋನಿನ್ಯಾಗ ಅಂದ:
"ಉಸುಕು ಮುಗದದ, ಮಣ್ಣೇ ಮುಚ್ಚರಿ, ಯಾರು ನೋಡತಾರ?"

ಎದುರಿಗೆ ಯಾರೋ ಬಂಗಲೆ ಕಟ್ಟಸಾಕಹತ್ಯಾರ.
ಅಂಗಳದಾಗ ಆಳೆತ್ತರ ಉಸುಕಿನ ಗುಡ್ಡಿ.
ಮೌಲಾಲಿ ನನ್ನ ಮಾರಿ ನೋಡಿದ.
ನಾ ಮುಗಿಲು ನೋಡಿದೆ.
ಜೇಸಿಬಿ ಒಂದೇ ಸಲ ಬಗ್ಗಿ ಎದ್ದಿತು.

ತಗ್ಗಿನ್ಯಾಗ ಇಳದು ಅಂಗೈಲೆ ಹರವಿದೆ.
ದಿನವಿಡೀ ಬಿಸಿಲು ಕುಡದು ಬೆಚ್ಚಗಿತ್ತು.
ಮುಂದ ಎಂದರ ಇಲ್ಲಿ ಸಲಿಕಿ ಇಳಸಾಕಿ,
ಹುಟ್ಟ್ಯಾಳೋ, ಇನ್ನೂ ಹುಟ್ಟಬೇಕೋ,
ಆಕಿ ಕಿವಿಗೆ ಸರ್ ಅಂದ್ರ ಸಾಕು.

ಹಸರು ಬಳಿಚೂರು ಎಲ್ಲಿತ್ತೋ ಅಲ್ಲೇ ಇಟ್ಟೆ.
"ಮುಚ್ಚು," ಅಂದೆ.